ಹಳೇ ಕಾರಿನ ಟೈಲ್ ಲೈಟ್ ಬಂದು ಹೋಗಿ ಮಾಡ್ತಿದ್ರೆ ಮೊದಲು ಅರ್ಥಿಂಗ್ ನೋಡಿ

ಚಿತ್ರದುರ್ಗದ ಗೆಳೆಯರೊಬ್ಬರು ಕೇಳಿದ್ದಾರೆ. 2004ರ ಪೆಟ್ರೋಲ್ ಕಾರು, ಬಲಗಡೆಯ ಟೈಲ್ ಲೈಟ್ ಒಂದು ದಿನ ಉರಿಯುತ್ತದೆ, ಮರುದಿನ ಇಲ್ಲ. ಒಂದು ರೋಡ್ ಹಂಪ್ ಹಾರಿದಾಗ ಬರುತ್ತದೆ, ಇನ್ನೊಂದಕ್ಕೆ ಹೋಗುತ್ತದೆ. ಬಲ್ಬ್ ಹೊಸದು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಹಿಂದಿನ ವೈರಿಂಗ್ ಪೂರ್ತಿ ಬದಲಿಸಿಬಿಡಿ ಅಂತಿದ್ದಾರಂತೆ. ಬದಲಿಸಲೇ ಬೇಕಾ?

ಈಗಲೇ ಬೇಡ. ದಾವಣಗೆರೆಯಲ್ಲಿ ಹಳೇ ಗಾಡಿ ಓಡಿಸುವ ನಾವು ಕೆಲವರು ಇದೇ ತೊಂದರೆ ಅನುಭವಿಸಿದ್ದೇವೆ. ನನಗೆ ಗೊತ್ತಿರುವ ಇಂಥ ಕೇಸುಗಳಲ್ಲಿ ಹೆಚ್ಚಿನವು ಅರ್ಥಿಂಗಿನಲ್ಲೇ, ಅಂದರೆ ಲೈಟಿನ ಮೈನಸ್ ವೈರ್ ಗಾಡಿಯ ಬಾಡಿಗೆ ಸೇರುವ ಜಾಗದಲ್ಲೇ ಸಿಕ್ಕಿವೆ. ನನ್ನದು, ನಮ್ಮವರದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಇವತ್ತು ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆಗೆ ಎದುರಾಗುವ ಹಾಗೆ ನಿಲ್ಲಿಸಿ. ಪಾರ್ಕಿಂಗ್ ಲೈಟ್ ಹಾಕಿ. ಮನೆಯವರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಆಮೇಲೆ ಬಲಗಡೆ ಇಂಡಿಕೇಟರ್ ಹಾಕಿಸಿ. ಸರಿ ಇರುವ ಗಾಡಿಯಲ್ಲಿ ಬ್ರೇಕ್ ಒತ್ತಿದ ತಕ್ಷಣ ಕೆಂಪು ಜೋರಾಗುತ್ತದೆ. ಅದರ ಬದಲು ಬಲಗಡೆ ಮಂಕಾದರೆ, ಇಂಡಿಕೇಟರ್ ಬಲ್ಬ್ ಸಣ್ಣಗೆ ಮಿನುಗಿದರೆ, ಅಥವಾ ಇಂಡಿಕೇಟರ್ ಜೊತೆ ಟೈಲ್ ಲೈಟೂ ಹೊಡೆದುಕೊಂಡರೆ ಅರ್ಥಿಂಗ್ ಕೆಟ್ಟಿದೆ ಅಂತಲೇ ಲೆಕ್ಕ.

ಕಾರಣ ಸರಳ. ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಮಾತ್ರ ವೈರಿನಲ್ಲಿ ಹಿಂದಿನವರೆಗೆ ಹೋಗುತ್ತದೆ. ಮೈನಸ್ ವಾಪಸ್ ಬರುವುದು ಗಾಡಿಯ ಬಾಡಿಯ ಮೂಲಕ. ಸಾಮಾನ್ಯವಾಗಿ ಒಂದು ಲ್ಯಾಂಪಿನ ಟೈಲ್, ಬ್ರೇಕ್, ಇಂಡಿಕೇಟರ್ ಎಲ್ಲಕ್ಕೂ ವಾಪಸ್ ದಾರಿ ಒಂದೇ. ಒಂದು ಕಪ್ಪು ವೈರು, ಒಂದು ಸ್ಕ್ರೂ. ಅದು ಸಡಿಲವಾದರೆ ಕರೆಂಟ್ ಪಕ್ಕದ ಬಲ್ಬಿನೊಳಗೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಭದ್ರಾ ನಾಲೆಯ ಕಡೆ ಒಂದು ಗದ್ದೆಯ ತೂಬು ಕಟ್ಟಿಕೊಂಡರೆ ನೀರು ಪಕ್ಕದವರ ಗದ್ದೆಗೆ ಹರಿಯುತ್ತದಲ್ಲ, ಹಾಗೆ.

ನನ್ನ ಗಾಡಿಯಲ್ಲಿ ಆ ಸ್ಕ್ರೂ ಡಿಕ್ಕಿಯೊಳಗೆ, ಪಕ್ಕದ ಮ್ಯಾಟಿನ ಹಿಂದೆ ಇತ್ತು. ಮೇಲಿಂದ ನೋಡಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ತಲೆ ಹೊಳೆಯುತ್ತಿತ್ತು, ಕೈಯಲ್ಲಿ ಅಲ್ಲಾಡಿಸಿದರೂ ಗಟ್ಟಿ. ಬಿಚ್ಚಿದಾಗ ಥಿಂಬಲ್, ಅಂದರೆ ವೈರಿನ ತುದಿಗೆ ಒತ್ತಿಸಿದ ಲೋಹದ ಬಳೆಯ ಕೆಳಗೆ ಕಂದು ಪುಡಿ ಉದುರಿತು. ಥಿಂಬಲ್ಲಿನ ಅರ್ಧ ಭಾಗ ಪೇಂಟಿನ ಮೇಲೇ ಕೂತಿತ್ತು, ಉಳಿದರ್ಧ ತುಕ್ಕಿನ ಮೇಲೆ. ಒಂದು ಬಿಡಿ ವೈರಿನ ತುದಿಯನ್ನು ಲ್ಯಾಂಪಿನ ಕಪ್ಪು ವೈರಿಗೆ, ಇನ್ನೊಂದು ತುದಿಯನ್ನು ಬೇರೆ ಕಡೆ ಬಣ್ಣವಿಲ್ಲದ ಬೋಲ್ಟಿಗೆ ಮುಟ್ಟಿಸಿದೆ. ಲೈಟ್ ಪೂರ್ತಿ ಬಂತು. ಬಿಟ್ಟರೆ ಹೋಯಿತು. ಈ ಒಂದು ಬಿಡಿ ವೈರಿನ ಪರೀಕ್ಷೆ ನೀವೂ ಮಾಡಿ, ಖರ್ಚೇನೂ ಇಲ್ಲ. ಕಪ್ಪು ವೈರ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ ಅಷ್ಟೇ. ಪ್ಲಸ್ ವೈರನ್ನು ಬಾಡಿಗೆ ಮುಟ್ಟಿಸಿದರೆ ಫ್ಯೂಸ್ ಹೋಗುತ್ತದೆ.

ಸರಿ ಮಾಡುವುದೂ ಸುಲಭ. ಬ್ಯಾಟರಿಯ ಮೈನಸ್ ಬಿಚ್ಚಿ. ಸ್ಕ್ರೂ ಕೂರುವ ಜಾಗವನ್ನು ಉಪ್ಪುಕಾಗದದಿಂದ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ. ಹೊಸ ಥಿಂಬಲ್ ಒತ್ತಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ವ್ಯಾಸಲಿನ್ ಬಿಗಿ ಮಾಡಿದ ಮೇಲೆ ಹಚ್ಚಬೇಕು. ಉಜ್ಜಿ ಹಾಗೇ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ಮತ್ತೆ ತುಕ್ಕು.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ಬೀಪ್ ಬಂತು ಅಂತ ವೈರ್ ಸರಿ ಇದೆ ಅಂದುಕೊಳ್ಳಬೇಡಿ. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಕಡ್ಡಿ ಲ್ಯಾಂಪಿನ ಅರ್ಥಿಂಗಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ. ಅಷ್ಟು ದೂರ ಮುಟ್ಟದಿದ್ದರೆ ಉದ್ದ ವೈರ್ ಕಟ್ಟಿಕೊಳ್ಳಿ. 0.1, 0.2 ವೋಲ್ಟ್ ಬಂದರೆ ಚಿಂತೆಯಿಲ್ಲ. 1 ವೋಲ್ಟ್ ದಾಟಿದರೆ ಆ ದಾರಿಯಲ್ಲಿ ತಡೆ ಇದೆ. ಬ್ರೇಕ್ ಒತ್ತಿಸಿಯೇ ಅಳೆಯಿರಿ. ಟೈಲ್‌ಗೊಂದು, ಬ್ರೇಕಿಗೊಂದು ಎಳೆ ಇರುವ ಈ ಹಳೇ ಡಬಲ್ ಫಿಲಮೆಂಟ್ ಬಲ್ಬುಗಳು ಸಾಮಾನ್ಯವಾಗಿ 21/5 ವ್ಯಾಟ್. ಟೈಲಿನ 5 ವ್ಯಾಟ್ ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಬ್ರೇಕಿನ 21 ವ್ಯಾಟ್ ಹತ್ತಿರ ಹತ್ತಿರ ಪೌಣೆ ಎರಡು ಆಂಪಿಯರ್ ಎಳೆಯುತ್ತದೆ. ಸಣ್ಣ ತಡೆ ಆ ಜಾಸ್ತಿ ಕರೆಂಟಿಗೆ ಮಾತ್ರ ಬಯಲಾಗುತ್ತದೆ.

ಅರ್ಥಿಂಗ್ ಸರಿ ಇದ್ದರೆ ಮುಂದಿನದು ಹೋಲ್ಡರ್. ನಿಮ್ಮದು ಹೊಸ ಬಲ್ಬ್ ಅಂದಿರಿ, ಆದರೆ ಹೋಲ್ಡರ್ 2004ರದ್ದೇ ಅಲ್ವಾ? ಬಲ್ಬ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗಿನ ಹಿತ್ತಾಳೆ ತುಂಡುಗಳಲ್ಲಿ ಹಸಿರು ಕಿಲುಬು ಇದೆಯಾ, ಸ್ಪ್ರಿಂಗ್ ಒತ್ತಿದರೆ ಮೇಲೆ ಬರುತ್ತದಾ, ಪ್ಲಾಸ್ಟಿಕ್ ಕಂದಿದೆಯಾ. ಕಿಲುಬಿದ್ದರೆ ಲ್ಯಾಂಪಿನ ರಬ್ಬರ್ ಬೀಡಿಂಗಿನಿಂದ ನೀರು ಇಳಿಯುತ್ತಿದೆ ಅಂತ ಅರ್ಥ. ಬೀಡಿಂಗ್ ಬದಲಿಸದೆ ಹೋಲ್ಡರ್ ಮಾತ್ರ ತೊಳೆದರೆ ಸುಮ್ನೆ ವ್ಯರ್ಥ. ಇನ್ನು ಆ ಡಬಲ್ ಫಿಲಮೆಂಟ್ ಬಲ್ಬಿನ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿರುವುದಿಲ್ಲ. ತಿರುಗಿಸಿ ಒತ್ತಿ ಬಲವಂತವಾಗಿ ಕೂರಿಸಿದರೆ ಟೈಲ್ ಜಾಗದಲ್ಲಿ ಬ್ರೇಕ್ ಉರಿಯುತ್ತದೆ.

ಒಂದೇ ಬದಿ ಹೋಗುತ್ತಿರುವುದು ನಿಮಗೆ ಅನುಕೂಲ. ಎರಡೂ ಬದಿ ಒಟ್ಟಿಗೆ ಹೋದರೆ ಮಾತ್ರ ಫ್ಯೂಸ್, ಸ್ಟೇರಿಂಗ್ ಹತ್ತಿರ ಲೈಟ್ ಹಾಕುವ ಕಾಂಬಿನೇಷನ್ ಸ್ವಿಚ್ ಕಡೆ ಮೊದಲು ನೋಡಬೇಕು. ಒಂದು ಬದಿಯ ತೊಂದರೆ ಹೆಚ್ಚಾಗಿ ಆ ಬದಿಯಲ್ಲೇ ಸಿಗುತ್ತದೆ.

ಈಗ ನಮ್ಮವರ ಅನುಭವ. ಹರಿಹರದ ನಮ್ಮ ಮಾವನ ಗಾಡಿಯಲ್ಲಿ ಡಿಕ್ಕಿ ಬಾಗಿಲ ಮೇಲಿನ ಬ್ರೇಕ್ ಲೈಟ್ ಹೀಗೇ ಆಡುತ್ತಿತ್ತು. ಬಾಗಿಲು ತೆಗೆದಾಗ ಉರಿಯುತ್ತಿತ್ತು, ಮುಚ್ಚಿದಾಗ ಇಲ್ಲ. ಬಾಗಿಲಿಗೂ ಬಾಡಿಗೂ ನಡುವೆ ರಬ್ಬರ್ ಕೊಳವೆ ಇರುತ್ತದಲ್ಲ, ಅದನ್ನು ಹಿಂದಕ್ಕೆ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿದರು. ಒಂದು ವೈರ್ ರಬ್ಬರಿನಂತೆ ಹಿಗ್ಗಿತು. ಹೊರಗಿನ ಕವಚ ಪೂರ್ತಿ ಇತ್ತು, ಒಳಗೆ ತಾಮ್ರ ತುಂಡಾಗಿತ್ತು. ವರ್ಷಗಟ್ಟಲೆ ಬಗ್ಗಿ ಬಗ್ಗಿ ಆದದ್ದು.

ಪಿ.ಬಿ. ರೋಡಿನಲ್ಲಿ ಗಾಡಿ ಎಲೆಕ್ಟ್ರಿಕಲ್ ಕೆಲಸ ಮಾಡುವ ಒಬ್ಬರು ನನಗೆ ಹೇಳಿದ ಮಾತು ಇದು: "ಹಳೇ ಗಾಡಿ ಬಂದರೆ ಮೊದಲು ಹೊರಗಿನವರು ಏನೇನು ಜೋಡಿಸಿದ್ದಾರೆ ನೋಡುತ್ತೇನೆ. ರಿಮೋಟ್ ಲಾಕ್, ರಿವರ್ಸ್ ಕ್ಯಾಮೆರಾ, ಸೆನ್ಸಾರ್, ಇವಕ್ಕೆಲ್ಲ ಹಿಂದಿನ ಲೈಟಿನ ವೈರನ್ನೇ ಸುಲಿದು ಸುತ್ತಿ ಟೇಪ್ ಹಾಕಿರುತ್ತಾರೆ. ಬಿಸಿಲಿಗೆ ಟೇಪ್ ಅಂಟು ಬಿಟ್ಟು ಜಾರುತ್ತದೆ, ತಾಮ್ರ ಕಪ್ಪಾಗುತ್ತದೆ." ನಿಮ್ಮ ಗಾಡಿಯಲ್ಲಿ ಇಂಥದ್ದೇನಾದರೂ ಕೂರಿಸಿದ್ದರೆ ಆ ಜಾಯಿಂಟ್ ಬಿಚ್ಚಿ, ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಏರಿಸಿ.

ಗ್ಯಾರೇಜಿನಲ್ಲಿ ಲೈಟ್ ಸರಿಯಾಗಿ ಉರಿದರೆ ಅವರು ಹುಡುಕುವುದಾದರೂ ಏನನ್ನು? ಹೋಗಿರುವಾಗಲೇ ಹಿಡಿಯಬೇಕು. ಲೈಟ್ ಆರಿದ್ದಾಗ ಲ್ಯಾಂಪಿನ ಮೇಲೆ ಅಂಗೈಯಿಂದ ತಟ್ಟಿ, ಆಮೇಲೆ ಕನೆಕ್ಟರ್ ಅಲ್ಲಾಡಿಸಿ, ಆಮೇಲೆ ಅರ್ಥಿಂಗ್ ಸ್ಕ್ರೂ ಒತ್ತಿ. ಯಾವುದಕ್ಕೆ ಬಂತು ಅನ್ನುವುದನ್ನು ಬರೆದಿಟ್ಟು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಫ್ಯೂಸ್ ಮಾತ್ರ ದೊಡ್ಡದು ಹಾಕಿಸಬೇಡಿ, ಯಾರೇ ಹೇಳಲಿ. ಕೆಂಪು 10 ಆಂಪಿಯರ್ ಇರುವ ಜಾಗಕ್ಕೆ ಹಸಿರು 30 ಹಾಕಿದರೆ ಶಾರ್ಟ್ ಆದಾಗ ಸುಡುವುದು ಫ್ಯೂಸ್ ಅಲ್ಲ, ವೈರ್.

ಲೈಟ್ ಸರಿಯಾಗುವವರೆಗೆ ರಾತ್ರಿ ಹೈವೇ ಹತ್ತಬೇಡಿ. ಚಿತ್ರದುರ್ಗದಿಂದ ಭರಮಸಾಗರ, ಆನಗೋಡು ದಾಟಿ ಬರುವ 48ನೇ ಹೆದ್ದಾರಿಯಲ್ಲಿ ಲಾರಿಗಳು ಹೇಗೆ ಬರುತ್ತವೆ ಅಂತ ನಿಮಗೇ ಗೊತ್ತು. ಮೆಕ್ಕೆಜೋಳದ ಸೀಸನ್ನಿನಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಎದುರಿಗೆ ಸಿಕ್ಕಾಗ ನಮ್ಮೆದೆ ಝಲ್ಲೆನ್ನುತ್ತದೆ. ಬಲಗಡೆ ಲೈಟ್ ಇಲ್ಲದ ಕಾರು ಹಿಂದಿನವರಿಗೆ ಬೈಕಿನ ಹಾಗೆ ಕಾಣುತ್ತದೆ, ಪಕ್ಕದಲ್ಲಿ ಜಾಗ ಇದೆ ಅಂದುಕೊಂಡು ನುಗ್ಗುತ್ತಾರೆ. ತೀರಾ ಹೋಗಲೇಬೇಕಾದರೆ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿಕೊಳ್ಳಿ, ಆದರೆ ಅದನ್ನೇ ನೆಚ್ಚಿಕೊಂಡು ಓಡಾಡಬೇಡಿ. ಆರ್‌ಸಿ 15 ವರ್ಷ ದಾಟಿದ ಗಾಡಿ, ಮುಂದಿನ ಸಲ ನವೀಕರಣಕ್ಕೆ ಹೋದಾಗ ಲೈಟುಗಳನ್ನೂ ನೋಡುತ್ತಾರೆ.

ಇವತ್ತು ರಾತ್ರಿ ಆ ಗೋಡೆ ಪರೀಕ್ಷೆ ಮಾಡಿ. ಬ್ರೇಕ್ ಒತ್ತಿದಾಗ ಬಲಗಡೆ ಜೋರಾಯಿತಾ, ಮಂಕಾಯಿತಾ, ಇಂಡಿಕೇಟರ್ ಏನು ಮಾಡಿತು, ಇಷ್ಟನ್ನು ತಿಳಿಸಿ. ಮುಂದಿನದನ್ನು ಅಲ್ಲಿಂದ ನೋಡೋಣ. ಬೇರೆ ಯಾರಿಗಾದರೂ ಇದೇ ತೊಂದರೆ ಇನ್ನೆಲ್ಲೋ ಸಿಕ್ಕಿದ್ದರೆ ಅವರೂ ಹೇಳಿ.