ಅಪ್ಪನ ಬಿಪಿ: ಟೊಮ್ಯಾಟೊ ರೇಟಿನ ಟೆನ್ಶನ್ನಾ, ಬೇರೆ ಏನಾದ್ರೂನಾ?

ಮಂಡಿ ಹುಡುಗ, ಕೋಲಾರ:
ಅಪ್ಪನಿಗೆ 52 ವರ್ಷ, ಎರಡು ಎಕರೆ ಟೊಮ್ಯಾಟೊ ಇಟ್ಟಿದ್ದಾರೆ. ಸರ್ಕಾರದ ಗೃಹ ಆರೋಗ್ಯ ಯೋಜನೆಯವರು ಮನೆಗೆ ಬಂದು ನೋಡಿದಾಗ ಬಿಪಿ 164/98. ಆಸ್ಪತ್ರೆಯಲ್ಲಿ ಎರಡು ಸಲ ನೋಡಿದರು, ಹೆಚ್ಚು ಕಡಿಮೆ ಅಷ್ಟೇ. ಶುಗರ್ ಬಾರ್ಡರ್‌ನಲ್ಲಿದೆ. ಮಾತ್ರೆ ಬರೆದುಕೊಟ್ಟರು, ಅಪ್ಪ ಮುಟ್ಟುತ್ತಿಲ್ಲ. "ಇದು ರೇಟು ಬಿದ್ದ ಟೆನ್ಶನ್ ಕಣೋ. ಬಾಕ್ಸಿಗೆ ಐನೂರು ಆಗಲಿ, ತಾನೇ ಇಳಿಯುತ್ತೆ" ಅಂತಾರೆ. ಬರೀ ಟೆನ್ಶನ್‌ಗೆ ಇಷ್ಟೆಲ್ಲಾ ಆಗುತ್ತಾ?

ಮಾವಿನತೋಪು:
ಆಗದೆ ಏನು? ಬೋರ್ ಫೇಲ್ ಆದ ವರ್ಷವೇ ನಮ್ಮ ಭಾವನಿಗೆ ಬಿಪಿ ಬಂದಿದ್ದು. ಮಾತ್ರೆ ಒಂದ್ಸಲ ಹಿಡಿದರೆ ಸಾಯೋವರೆಗೂ ಬಿಡೋ ಹಾಗಿಲ್ಲ. ಮೊದಲು ಮನಸ್ಸು ನಿರಾಳ ಮಾಡಿಕೊಳ್ಳೋಕೆ ಹೇಳಪ್ಪ.

ಸಿಸ್ಟರ್, ಶ್ರೀನಿವಾಸಪುರ:
ಅಪ್ಪ ಹೇಳೋದು ಪೂರ್ತಿ ಸುಳ್ಳಲ್ಲ. ಹರಾಜು ಕೂಗುವಾಗ ಅವರ ಮುಖ ನೋಡಿದ್ದೀರಾ? ಬಾಯಿ ಒಣಗುತ್ತೆ, ಅಂಗೈ ಬೆವರುತ್ತೆ, ಎದೆ ಡವಡವ ಅನ್ನುತ್ತೆ. ಓಡು ಇಲ್ಲವೇ ಹೊಡೆದಾಡು ಅಂತ ನರಗಳು ಕೊಡುವ ಆರ್ಡರ್ ಅದು. ಅಡ್ರಿನಲಿನ್ ಅನ್ನೋ ಹಾರ್ಮೋನು ಸುರಿಯುತ್ತೆ, ಹೃದಯ ಜೋರಾಗಿ ಬಡಿಯುತ್ತೆ, ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ. ಹಿಂದೆಯೇ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನು ಬರುತ್ತೆ. ಓಡೋಕೆ ಶಕ್ತಿ ಬೇಕಲ್ವಾ, ಅದಕ್ಕೆ ಲಿವರ್‌ನಿಂದ ಸಕ್ಕರೆ ಬಿಡಿಸುತ್ತೆ. ಆದರೆ ನಿಮ್ಮಪ್ಪ ಎಲ್ಲಿಗೆ ಓಡುತ್ತಾರೆ? ಕ್ರೇಟ್ ಮೇಲೆ ಕೂತಿರುತ್ತಾರೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ.

ಇದೆಲ್ಲ ಸ್ವಲ್ಪ ಹೊತ್ತಿನ ಆಟ, ಆಮೇಲೆ ಇಳಿಯುತ್ತೆ. ದಿನಾ ಇದೇ ಆದಾಗ ತೊಂದರೆ. ಅದೇ ನರಗಳು ಕಿಡ್ನಿಗೂ ಹೋಗುತ್ತವೆ. ಉಪ್ಪು, ನೀರು ಹಿಡಿದಿಟ್ಟುಕೋ ಅಂತ ಕಿಡ್ನಿಗೆ ಹೇಳುತ್ತವೆ. ಕಾರ್ಟಿಸಾಲ್ ಜಾಸ್ತಿ ದಿನ ಮೇಲೇ ಇದ್ದರೆ ಸಕ್ಕರೆ ಇಳಿಸೋ ಇನ್ಸುಲಿನ್ ಮಾತು ನಡೆಯಲ್ಲ, ಹೊಟ್ಟೆ ಸುತ್ತ ಕೊಬ್ಬು ಕೂರುತ್ತೆ.

ಉಪ್ಸಾರು:
ಸಿಸ್ಟರ್, ಹೀಗಂದರೆ ಅಪ್ಪನಿಗೆ ಇನ್ನೊಂದು ನೆಪ ಸಿಕ್ಕಿತು. ನಮ್ಮ ಕಡೆ ಎಲ್ಲರೂ ಟೆನ್ಶನ್ ಮೇಲೆ ಹಾಕುತ್ತಾರೆ. ಯಾಕೆ ಹೇಳಿ? ಟೆನ್ಶನ್ ಅಂದರೆ ಬೀಡಿ ಬಿಡಬೇಕಾಗಿಲ್ಲ, ಉಪ್ಪಿನಕಾಯಿ ಬಿಡಬೇಕಾಗಿಲ್ಲ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಒಂದು ಟೀ ಚಮಚಕ್ಕಿಂತ ಕಮ್ಮಿ. ನಮ್ಮ ಮನೆಗಳಲ್ಲಿ ಸಾರು, ಹಪ್ಪಳ, ಮಜ್ಜಿಗೆ ಸೇರಿಸಿ ನೋಡಿ! 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗ ಅಪ್ಪನ ಬಿಪಿ ನಾರ್ಮಲ್ ಇತ್ತಾ? ಯಾರಾದ್ರೂ ನೋಡಿದ್ರಾ?

ಮಂಡಿ ಹುಡುಗ:
ನೋಡಿರಲಿಲ್ಲ. ಆಗ ಕಳ್ಳರ ಭಯಕ್ಕೆ ರಾತ್ರಿ ಎಲ್ಲಾ ತೋಟದಲ್ಲೇ ಇರ್ತಿದ್ರು 😄

ಮಾರಿಕುಪ್ಪಂ ಟ್ರೈನ್:
ನಗಬೇಡಿ, ವಿಷಯ ಅಲ್ಲೇ ಇದೆ. ರೇಟು ಏರಿದರೂ ನಿದ್ದೆ ಇಲ್ಲ, ಬಿದ್ದರೂ ನಿದ್ದೆ ಇಲ್ಲ. ಮಲಗಿದಾಗ ಬಿಪಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಇಳಿಯಬೇಕು. ನಿದ್ದೆಯೇ ಇಲ್ಲದಿದ್ದರೆ ಇಳಿಯೋದು ಯಾವಾಗ? ಇನ್ನೊಂದು. ನಾನು ನರಸಾಪುರದಲ್ಲಿ ನೈಟ್ ಶಿಫ್ಟ್ ಮಾಡುವವನು. ನಿದ್ದೆಗೆಟ್ಟ ದಿನ ಬೋಂಡಾ, ಟೀ, ಸಿಗರೇಟು ಎಲ್ಲ ಕೈ ಹಿಡಿದು ಎಳೆಯುತ್ತವೆ. ಟೆನ್ಶನ್ ಬೇರೆ, ಉಪ್ಪು ಬೇರೆ ಅಂತ ಗೆರೆ ಎಳೆಯೋಕೆ ಆಗಲ್ಲ ಉಪ್ಸಾರು ಅವರೇ. 52 ದೇಶಗಳ ಹೃದಯಾಘಾತದ ರೋಗಿಗಳನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಬಂತು. ಅದರಲ್ಲಿ ಸಿಗರೇಟು, ಬಿಪಿ, ಶುಗರ್ ಜೊತೆ ಮನಸ್ಸಿನ ಒತ್ತಡದ ಹೆಸರೂ ಇತ್ತು.

ಮಾವಿನತೋಪು:
ಆಸ್ಪತ್ರೆ ಮೆಟ್ಟಿಲು ಹತ್ತಿದರೇ ಏರುವ ಬಿಪಿಯೂ ಇದೆ. ಬಿಳಿ ಕೋಟು ಕಂಡರೆ ಎದೆ ಝಲ್ ಅನ್ನುತ್ತೆ. ಅದಕ್ಕೂ ಮಾತ್ರೆನಾ?

ಸಿಸ್ಟರ್, ಶ್ರೀನಿವಾಸಪುರ:
ಅದು ನಿಜ, ಅಣ್ಣ. ಆದರೆ ಇವರ ತಂದೆಗೆ ಮೊದಲು ನೋಡಿದ್ದೇ ಮನೆಯಲ್ಲಿ. ಅನುಮಾನ ಇದ್ದರೆ ತೋಳಿಗೆ ಕಟ್ಟುವ ಮೆಷಿನ್ ತನ್ನಿ, ಮಣಿಕಟ್ಟಿನದ್ದು ಬೇಡ. ಬೀಡಿ, ಕಾಫಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಲಿ. ಅಳೆಯುವಾಗ ಮಾತು ಬೇಡ, ಮಂಡಿಯಿಂದ ಫೋನ್ ಅಂತೂ ಬೇಡವೇ ಬೇಡ. ಬೆಳಗ್ಗೆ ಸಂಜೆ ಒಂದು ವಾರ ಬರೆದಿಡಿ. ಮನೆಯಲ್ಲಿ 135/85 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಇದು ಡಾಕ್ಟರಿಗೆ ತೋರಿಸೋಕೆ, ಮಾತ್ರೆ ಮುಂದೂಡೋಕಲ್ಲ.

ಉಪ್ಸಾರು:
ಟೆನ್ಶನ್ ಬಿಪಿ ಅಂತ ಬೇರೆ ಜಾತಿ ಇಲ್ಲ. ಕಾರಣ ಯಾವುದಾದರೂ ಆಗಲಿ, ಮಿದುಳಿನ ನಾಳಕ್ಕೆ 164 ಅಂದರೆ 164.

ಮಂಡಿ ಹುಡುಗ:
ಒಪ್ಪಿದೆ. ಆದರೆ ಟೆನ್ಶನ್ ಕಮ್ಮಿ ಮಾಡ್ಕೋ ಅಂತ ಯಾವ ಬಾಯಲ್ಲಿ ಹೇಳಲಿ? ಬೆಳೆಗೆ ಹೊಡೆಯೋ ಔಷಧಿ ಅಂಗಡಿ ಸಾಲ ಹಾಗೇ ಇದೆ.

ಸಿಸ್ಟರ್, ಶ್ರೀನಿವಾಸಪುರ:
ಹೇಳಲೇಬೇಡಿ. ರೇಟು ಅವರ ಕೈಯಲ್ಲಿಲ್ಲ. ಮಲಗುವ ಮುಂಚೆ ನಿಮಿಷಕ್ಕೆ ಆರು ಉಸಿರಿನ ಹಾಗೆ ನಿಧಾನವಾಗಿ ಉಸಿರಾಡಲಿ, ಬಿಗಿದ ನರ ಸ್ವಲ್ಪ ಸಡಿಲ ಆಗುತ್ತೆ. ಮಾತ್ರೆಯ ಜೊತೆಗೆ, ಬದಲಿಗಲ್ಲ. ಅದಿರಲಿ, ಬೇರೆ ಯಾವ ಮಾತ್ರೆ ತಗೋತಾರೆ?

ಮಂಡಿ ಹುಡುಗ:
ಬೇರೆ ಏನಿಲ್ಲ. ಕ್ರೇಟ್ ಎತ್ತಿ ಸೊಂಟ ನೋವು ಅಂತ ಮೆಡಿಕಲ್‌ನಲ್ಲಿ ಕೇಳಿ ನೋವಿನ ಮಾತ್ರೆ ತರ್ತಾರೆ, ದಿನಾ ಒಂದು. ಡೈಕ್ಲೋಫೆನಾಕ್ ಅಂತಿದೆ.

ಸಿಸ್ಟರ್, ಶ್ರೀನಿವಾಸಪುರ:
ಇದನ್ನ ಮೊದಲೇ ಹೇಳಬಾರದಾ ತಮ್ಮಾ! ಆ ಗುಂಪಿನ ಮಾತ್ರೆಗಳೇ ಬಿಪಿ ಏರಿಸುತ್ತವೆ, ಕಿಡ್ನಿಗೂ ಏಟು. ಆ ಮಾತ್ರೆ ಸ್ಟ್ರಿಪ್ ಎತ್ತಿಕೊಂಡು ನಾಳೆಯೇ ಡಾಕ್ಟರ್ ಹತ್ತಿರ ಹೋಗಿ.