ಏಳು ಹುಂಜಗಳ ಹಾಸ್ಟೆಲ್

ನಾಲೆ ಏರಿ ಮೇಲಿನ ಟೀ ಅಂಗಡಿಯಲ್ಲಿ ನಮ್ಮ ಗುಂಪಿಗೆ ಒಂದು ಕಟ್ಟಳೆ ಇದೆ. ಎರಡನೇ ಟೀ ಬರುವವರೆಗೆ ಕಬ್ಬಿನ ಬಾಕಿ ಮತ್ತು ರಾಜಕೀಯ ಎತ್ತುವಂತಿಲ್ಲ. ಅವೆರಡು ಬಿಟ್ಟರೆ ಮಂಡ್ಯದವರಿಗೆ ಮಾತಾಡಲು ಇನ್ನೇನಿದೆ ಅಂತ ಕೇಳಬೇಡಿ. ಆವತ್ತು ನನ್ನ ಕೋಳಿಗಳಿದ್ದವು.

“ಏನಯ್ಯಾ, ಕಣ್ಣೆಲ್ಲ ಕೆಂಪಗಿದೆ?” ಅಂದ ಕಂಡಕ್ಟರ್. ಅವನು ರಿಟೈರ್ ಆಗಿ ನಾಲ್ಕು ವರ್ಷ ಆಯಿತು. ಆದರೂ ಎಲ್ಲರನ್ನೂ ಟಿಕೆಟ್ ಕೇಳುವ ದನಿಯಲ್ಲೇ ಮಾತಾಡಿಸುತ್ತಾನೆ.

“ಏಳು ಹುಂಜ ಕಣಯ್ಯಾ. ನಾಲ್ಕು ಗಂಟೆಗೇ ಶುರು ಹಚ್ಕೊಳ್ತವೆ.”

ದಸರಾ ಸಮಯದಲ್ಲಿ ಹನ್ನೆರಡು ಮೊಟ್ಟೆ ಕಾವಿಗೆ ಕೂರಿಸಿದ್ದೆ. 21 ದಿನಕ್ಕೆ ಹನ್ನೊಂದು ಮರಿ ಹೊರಬಂದವು. ಮನೆಯಲ್ಲಿ ಹಬ್ಬವೋ ಹಬ್ಬ. ಸಂಕ್ರಾಂತಿಗೆ ಲೆಕ್ಕ ಹಾಕಿದರೆ ಏಳು ಹುಂಜ, ನಾಲ್ಕು ಹ್ಯಾಟೆ. ಹಳೇ ಹ್ಯಾಟೆ ಮೂರು ಸೇರಿಸಿದರೆ ಏಳಕ್ಕೆ ಏಳು.

“ಜೋಡಿ ಸರಿಯಾಯ್ತಲ್ಲ, ಸಾಮೂಹಿಕ ವಿವಾಹ ಮಾಡ್ಸು,” ಅಂದ ಕಂಡಕ್ಟರ್.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಂದರೆ ಪಾಠ ಶುರು. “ಜೋಡಿ ಲೆಕ್ಕ ಕೋಳಿಗೆ ನಡೆಯಲ್ಲಪ್ಪ. ಒಂದು ಹುಂಜಕ್ಕೆ ಎಂಟೋ ಹತ್ತೋ ಹ್ಯಾಟೆ ಇರಬೇಕು. ಅರ್ಧ ಮರಿ ಹುಂಜವೇ ಆಗ್ತವೆ ಅನ್ನೋದು ಗೊತ್ತಿರೋ ವಿಷಯ. ಮಿಕ್ಕಿದ್ದನ್ನ ಏನು ಮಾಡ್ತೀನಿ ಅಂತ ಮೊಟ್ಟೆ ಇಡೋವಾಗಲೇ ಯೋಚಿಸಬೇಕಿತ್ತು.”

ಮೇಷ್ಟ್ರು ಹೇಳುವುದು ಸರಿ, ಆದರೆ ಯಾವಾಗಲೂ ಆರು ತಿಂಗಳು ತಡವಾಗಿ ಹೇಳುತ್ತಾರೆ. ಅಷ್ಟರಲ್ಲಿ ನಮ್ಮ ಹ್ಯಾಟೆ ಕೆಂಚಿಯ ಗತಿ ಬೇರೆಯೇ ಆಗಿತ್ತು. ಹುಂಜ ಮೇಲೆ ಹತ್ತುವಾಗ ಹ್ಯಾಟೆಯ ತಲೆ ಹಿಂದಿನ ಪುಕ್ಕ ಕಚ್ಚಿ ಹಿಡಿಯುತ್ತದೆ, ಬೆನ್ನ ಮೇಲೆ ಉಗುರೂರಿ ನಿಲ್ಲುತ್ತದೆ. ಒಂದೇ ಹುಂಜವಾದರೆ ಹೇಗೋ ತಡೆಯಬಹುದು. ಏಳೂ ಸರದಿ ನಿಂತರೆ? ಕೆಂಚಿಯ ಬೆನ್ನು ಅಂಗೈಯಗಲ ಬೋಳಾಗಿತ್ತು. ಕೆಂಪು ಚರ್ಮದ ಮೇಲೆ ಎರಡು ಗೀರು, ಒಂದು ಇನ್ನೂ ಹಸಿ. ಅರಿಶಿನ ಹಚ್ಚಲು ಎತ್ತಿಕೊಂಡರೆ ಹೆಂಡತಿಯ ಸೆರಗಿನೊಳಗೆ ತಲೆ ತೂರಿಸಿತು. ಬೇರೆ ಮಾಡಲೇಬೇಕು ಅಂತ ಆವತ್ತೇ ತೀರ್ಮಾನ ಆಯಿತು.

“ಅಣ್ಣ, ಹುಂಜನೆಲ್ಲ ಬೇರೆ ಹಾಕ್ಬಿಟ್ರೆ ಮೊಟ್ಟೆ ಹೆಂಗಣ್ಣ?” ಅಂತ ಟೀ ಅಂಗಡಿ ಹುಡುಗ ಕೇಳಿದ.

“ಮೊಟ್ಟೆ ಇಡೋಕೆ ಹುಂಜ ಯಾಕ್ಲಾ? ಮರಿ ಬೇಕಾದ್ರೆ ಮಾತ್ರ ಬೇಕು,” ಅಂದರು ಮೇಷ್ಟ್ರು. “ನೀನು ದಿನಾ ಆಮ್ಲೆಟ್ ಹಾಕ್ತೀಯಲ್ಲ, ಆ ಫಾರಂ ಮೊಟ್ಟೆ ಇಟ್ಟ ಕೋಳಿ ಹುಂಜದ ಮುಖಾನೇ ನೋಡಿರಲ್ಲ.” ಹುಡುಗ ಟ್ರೇಯಲ್ಲಿದ್ದ ಮೊಟ್ಟೆಗಳನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದ.

“ಇಷ್ಟೆಲ್ಲ ತಾಪತ್ರಯ ಯಾಕೆ? ಮುದ್ದೆ ನಾನು ತರ್ತೀನಿ,” ಅಂದ ಕಂಡಕ್ಟರ್.

ಆ ಮಾತು ಬರುತ್ತದೆ ಅಂತ ಗೊತ್ತಿತ್ತು. ಆದರೆ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಇರುವ ಬೆಲೆ ಬೇರೆ ದಿನ ಇರುವುದಿಲ್ಲ. ಈ ಅಂಗಡಿಯಲ್ಲೇ ಏಳು ಜನ ಮುಂಗಡ ಹೇಳಿಟ್ಟಿದ್ದರು. ಮುದ್ದೆ ಮಾತಾಡಿದವನೂ ಅದರಲ್ಲಿ ಒಬ್ಬ.

ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಹಾಸ್ಟೆಲ್ ಕಟ್ಟಿದೆ. ಮೊದಲ ಸಲ ಮಹಾ ತಪ್ಪು ಮಾಡಿದೆ. ಹ್ಯಾಟೆ ಗೂಡಿನ ಪಕ್ಕಕ್ಕೇ ಕಟ್ಟಿ ನಡುವೆ ಬರೀ ತಂತಿ ಜಾಲರಿ ಬಿಟ್ಟೆ. ಆಚೆ ಒಂದು ಹ್ಯಾಟೆ ಸುಮ್ನೆ ಮಣ್ಣು ಕೆದಕಿದರೂ ಸಾಕು, ಈಚೆ ಏಳೂ ಒಂದರ ಮೇಲೊಂದು ಹಾರುತ್ತಿದ್ದವು. ಎರಡು ದಿನಕ್ಕೆ ಒಂದರ ಜುಟ್ಟು ಹರಿದು ರಕ್ತ. ಮೂರನೇ ದಿನ ಗೂಡನ್ನು ದನದ ಕೊಟ್ಟಿಗೆ ಹಿಂದಕ್ಕೆ ಸಾಗಿಸಿ, ತೆಂಗಿನ ಸೋಗೆಯ ತಡಿಕೆ ಕಟ್ಟಿದೆ. ಹ್ಯಾಟೆ ಕಣ್ಣಿಗೆ ಬೀಳುವಂತಿಲ್ಲ. ಕಾಳು ಎರಡು ಕಡೆ, ನೀರು ಎರಡು ಕಡೆ. ಸೋತವನು ಓಡಿಹೋಗಿ ನಿಲ್ಲಲು ಮೂಲೆಯಲ್ಲಿ ಒಂದು ಮಂಕರಿ ಬೋರಲು ಹಾಕಿದೆ. ಹ್ಯಾಟೆಗಳಿಗೆ ತರುವ ಫೀಡ್ ಇವಕ್ಕಿಲ್ಲ. ಅದರಲ್ಲಿ ಮೊಟ್ಟೆಯ ಚಿಪ್ಪಿಗೆ ಅಂತ ಸುಣ್ಣದ ಅಂಶ ಜಾಸ್ತಿ, ಹುಂಜದ ಮೂತ್ರಪಿಂಡಕ್ಕೆ ಒಗ್ಗಲ್ಲ. ರಾಗಿ, ಜೋಳ, ಸೊಪ್ಪು ಹಾಕಿದೆ.

ವಾರದಲ್ಲಿ ತಣ್ಣಗಾದವು ನೋಡಿ. ಮೊನ್ನೆ ರಕ್ತ ಹರಿಸಿದವರು ಈಗ ಒಂದೇ ಕೋಲಿನ ಮೇಲೆ ಒತ್ತಾಗಿ ಕೂತು ತೂಕಡಿಸುತ್ತವೆ.

“ಒಂದು ಮಾತ್ರ ಪಾಪ,” ಅಂದೆ. “ಕೂಗೋದೇ ಇಲ್ಲ. ಎಲ್ಲವೂ ಅದನ್ನೇ ಅಟ್ಟಿಸಿಕೊಂಡು ಹೋಗಿ ಮೇಲೆ ಬೀಳ್ತವೆ. ಬೆನ್ನ ಪುಕ್ಕ ಕಿತ್ತಿವೆ. ದಿನವಿಡೀ ಮಂಕರಿ ಕೆಳಗೇ ಇರುತ್ತೆ. ಸಾಧು ಅಂತ ಹೆಸರಿಟ್ಟಿದ್ದೀನಿ.”

ಮೇಷ್ಟ್ರ ಮುಖ ಅರಳಿತು. “ಜಪಾನಿನ ವಿಜ್ಞಾನಿಗಳು 2015ರಲ್ಲಿ ಇದನ್ನೇ ಬರೆದಿದ್ದಾರೆ. ಗುಂಪಿನ ಯಜಮಾನ ಹುಂಜ ಮೊದಲು ಕೂಗಬೇಕು, ಆಮೇಲೆ ಎರಡನೆಯದು, ಹಂಗೇ ಮೇಲಿಂದ ಕೆಳಕ್ಕೆ ಸರದಿ. ನಿನ್ನ ಸಾಧು ಏಳನೆಯವನು. ಸರದಿ ಬರೋ ಹೊತ್ತಿಗೆ ಬೆಳಕು ಹರಿದಿರುತ್ತೆ, ಇನ್ನೇನು ಕೂಗೋದು ಅಂತ ಬಿಟ್ಟಿರ್ತಾನೆ.”

ನಮಗೆಲ್ಲ ಕರುಳು ಚುರ್ ಅಂತು. ಕಂಡಕ್ಟರ್ ತನ್ನ ಡಿಪೋದ ಹಳೇ ಸೀನಿಯಾರಿಟಿ ಕಥೆ ತೆಗೆದ. ಅದು ಉದ್ದದ ಕಥೆ, ಬಿಡಿ. ಮುಗಿಯುವ ಮೊದಲೇ ಎಲ್ಲರನ್ನೂ ಎಬ್ಬಿಸಿಕೊಂಡು ಸಾಧುವನ್ನು ತೋರಿಸಲು ಮನೆಗೆ ಹೊರಟೆ.

ಪಕ್ಕದ ಮನೆ ಅಜ್ಜಿ ಕೊಟ್ಟಿಗೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಮಗಳ ಮನೆಯಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಮೇಷ್ಟ್ರು ಜಪಾನಿನ ವಿಷಯವನ್ನು ಅವರಿಗೂ ಹೇಳಿದರು. ಅಜ್ಜಿ ತಡಿಕೆ ಸರಿಸಿ ಒಮ್ಮೆ ಇಣುಕಿದರು.

“ಲೋ ಮಗಾ, ಹುಂಜಕ್ಕೆ ಬಾಲದ ಗರಿ ಕುಡುಗೋಲಿನಂಗೆ ಬಗ್ಗಿರಬೇಕು. ಕತ್ತಿನ ಪುಕ್ಕ ಚೂಪಗಿರಬೇಕು. ಇದರದ್ದು ನೋಡು, ಎಲ್ಲ ದುಂಡುದುಂಡಗವೆ. ಇದು ಹ್ಯಾಟೆ ಕಣ್ಲಾ!”

“ಮರಿಯಲ್ಲಿ ಇದರ ಜುಟ್ಟೇ ಮೊದಲು ಕೆಂಪಾಗಿತ್ತಲ್ಲ ಅಜ್ಜಿ,” ಅಂದೆ. ನನಗೇ ನನ್ನ ದನಿ ಕೇಳಿಸಲಿಲ್ಲ.

ಕಂಡಕ್ಟರ್ ಮಂಕರಿ ಎತ್ತಿದ. ಹುಲ್ಲಿನ ಮೇಲೆ ಒಂದು ಮೊಟ್ಟೆ. ಚಿಕ್ಕದು, ತಿಳಿಗಂದು ಬಣ್ಣ, ಒಂದು ಕಡೆ ರಕ್ತದ ಸಣ್ಣ ಗೆರೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ಬೆರಳು ಮಡಚಿ ಎಣಿಸಿದರು. “ಹನ್ನೊಂದರಲ್ಲಿ ಆರು ಹುಂಜ, ಐದು ಹ್ಯಾಟೆ. ಅರ್ಧ ಅರ್ಧ ಅಂತ ನಾನು ಹೇಳಲಿಲ್ವಾ?”

ಅಜ್ಜಿ ನನ್ನ ಕಡೆ ತಿರುಗಿದರು. “ತಿಂಗಳಿಂದ ಆರು ಹುಂಜದ ಮಧ್ಯೆ ಕೂಡಾಕಿದ್ದೀಯಲ್ಲ, ನಿಂಗೆ ದೇವರು ಒಳ್ಳೇದು ಮಾಡ್ತಾನಾ? ಹಂಗೇ ಒಯ್ದು ಹ್ಯಾಟೆಗಳ ಮಧ್ಯೆ ಬಿಡಬೇಡ, ಹೊಸಬಳು ಅಂತ ಅವೂ ಕುಕ್ತವೆ. ಅವುಗಳ ಗೂಡಲ್ಲೇ ಮಂಕರಿ ಕವುಚಿ ಒಳಗಿಡು. ನಾಲ್ಕು ದಿನ ಒಂದರ ಮುಖ ಒಂದು ನೋಡಿಕೊಳ್ಳಲಿ.”

ಹಾಗೇ ಮಾಡಿದೆ. ಹೆಂಡತಿ ಸಾಧುವಿನ ಹೆಸರನ್ನು ಸಾಧ್ವಿ ಅಂತ ಬದಲಾಯಿಸಿದಳು.

ಮತ್ತೆ ಅಂಗಡಿಗೆ ಬಂದು ಕೂತಾಗ ಕಂಡಕ್ಟರನಿಗೆ ಹೊಳೆಯಿತು. “ಅಲ್ಲಯ್ಯಾ, ಹೊಸತೊಡಕಿಗೆ ಮುಂಗಡ ಹೇಳಿದವರು ಏಳು ಜನ. ಹುಂಜ ಆರೇ. ಬಿಟ್ಟುಕೊಡೋರು ಯಾರು?”

ಮೇಷ್ಟ್ರು ತಾನು ಮೊದಲು ಹೇಳಿದ್ದು ಅಂದರು. ಕಂಡಕ್ಟರ್ ಸೀನಿಯಾರಿಟಿ ಅಂದ. ಟೀ ಅಂಗಡಿ ಹುಡುಗ ನನ್ನ ಹಳೇ ಬಾಕಿ ನೆನಪಿಸಿದ. ದನಿಗಳು ಏರಿದವು. ಎರಡನೇ ಟೀ ಬಂತು, ಆರಿತು. ಕಬ್ಬಿನ ಬಾಕಿ ಆವತ್ತು ಯಾರ ಬಾಯಲ್ಲೂ ಬರಲಿಲ್ಲ.