ಹಲ್ಲುಜ್ಜುವ ಎಲೆಕ್ಟ್ರಿಕ್ ಬ್ರಷ್: ತಲೆಯೊಳಗೆ ಕಪ್ಪು ಲೋಳೆ

ಪ್ರಶ್ನೆ: ದುಂಡು ತಲೆಯ ಬ್ರಷ್. ತಲೆ ಕಳಚಿದರೆ ಒಳಗೆ ಕಪ್ಪು ಲೋಳೆ, ಹಿಡಿಕೆಯ ಲೋಹದ ಕಡ್ಡಿಯ ಬುಡದಲ್ಲಿ ಬಿಳಿ ಕರೆ. ಕುದಿಯುವ ನೀರಿಗೆ ಹಾಕಬಹುದೇ? ತಲೆ ಯಾವಾಗ ಬದಲಿಸಬೇಕು?

ಉತ್ತರ 1: ಕುದಿಸಲೇಬೇಡಿ, ಎಳೆಗಳು ಬಾಗಿ ಆಕಾರ ಕೆಡುತ್ತವೆ. ಪೇಸ್ಟ್, ಎಂಜಲು, ನೀರು ಟೊಳ್ಳಿನೊಳಗೆ ಇಳಿದು ಒಣಗದೆ ಉಳಿಯುವುದರಿಂದ ಲೋಳೆ ಕಟ್ಟುತ್ತದೆ. ಉಜ್ಜಿದ ಮೇಲೆ ತಲೆ ಕಳಚಿ, ಟೊಳ್ಳಿಗೆ ನಲ್ಲಿ ನೀರು ಬಿಟ್ಟು, ಕೊಡವಿ, ಹಿಡಿಕೆಯಿಂದ ಬೇರೆಯಾಗಿ ನಿಲ್ಲಿಸಿ. ಮುಚ್ಚಳ ಹಾಕಬೇಡಿ, ಗಾಳಿಯಾಡಬೇಕು. ಈಗಾಗಲೇ ಕಪ್ಪಾಗಿರುವ ತಲೆಯನ್ನು ಎಸೆಯುವುದೇ ಸರಿ.

ಉತ್ತರ 2: ಬಿಳಿ ಕರೆ ಬೋರ್‌ವೆಲ್ ನೀರಿನ ಸುಣ್ಣ ಇರಬಹುದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿಕಡ್ಡಿಯಲ್ಲಿ ಅದ್ದಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಪಿನ್ನಿನಿಂದ ಮಾತ್ರ ಕೆರೆಯಬೇಡಿ! ಕಡ್ಡಿಯ ಸುತ್ತಲಿನ ರಬ್ಬರ್ ಸೀಲ್ ಹರಿದರೆ ನೀರು ಮೋಟಾರಿಗೆ ಇಳಿಯುತ್ತದೆ. ಹಿಡಿಕೆಯನ್ನು ನೀರಲ್ಲಿ ನೆನೆಸಿಡಲೂಬಾರದು. ಚಾರ್ಜರ್ ಒರೆಸುವ ಮುನ್ನ ಪ್ಲಗ್ ಕಿತ್ತಿಡಿ.

ಉತ್ತರ 3: ತಲೆಗೆ 3 ತಿಂಗಳು. ಎಳೆ ಹೊರಕ್ಕೆ ಕೆದರಿದರೆ ಅದಕ್ಕೂ ಮೊದಲೇ ಬದಲಿಸಿ. ಬೇಗ ಕೆದರುತ್ತಿದ್ದರೆ ನೀವು ಒತ್ತಿ ಉಜ್ಜುತ್ತಿದ್ದೀರಿ. ಹೊಸ ತಲೆ ಕೊಳ್ಳುವಾಗ ಮಾದರಿ ನೋಡಿ, ಎಲ್ಲ ಕಂಪನಿಗಳ ಕಡ್ಡಿಯೂ ಒಂದೇ ಅಲ್ಲ. ಹಿಡಿಕೆಯೇ ಕೆಟ್ಟರೆ ಒಳಗೆ ಬ್ಯಾಟರಿ ಇರುವುದರಿಂದ ಇ-ತ್ಯಾಜ್ಯಕ್ಕೇ ಕೊಡಿ.